ಎರಡು ಬೆರಳಿನ ಸಡಿಲು

ಅಳತೆಗೆ ನಿಂತ ಹೆಂಗಸರು ಉಸಿರು ಹಿಡಿದು ಹೊಟ್ಟೆಯನ್ನು ಒಳಗೆ ಎಳೆದುಕೊಳ್ಳುತ್ತಾರೆ. ನಮ್ಮ ಕುದುರೆ ಉಸಿರು ತುಂಬಿಕೊಂಡು ಹೊಟ್ಟೆಯನ್ನು ಹೊರಗೆ ಉಬ್ಬಿಸುತ್ತದೆ. ಸವಣೂರಿನ ಪೇಟೆಯಲ್ಲಿ ಇಷ್ಟು ವರ್ಷ ಜಂಪರು ಹೊಲಿಯುತ್ತ ಕುಳಿತು, ಈಚೆಗೆ ಕುದುರೆಯ ಎದೆಗೂ ಟೇಪು ಸುತ್ತಿ ನಾನು ಕಂಡುಕೊಂಡದ್ದೇನೆಂದರೆ, ಟೇಪು ಕಂಡ ಕೂಡಲೇ ಯಾರೂ ತಾವು ಇದ್ದ ಹಾಗೆ ನಿಲ್ಲುವುದಿಲ್ಲ. ಹೆಂಗಸರಿಗಾದರೆ, "ಉಸಿರು ಬಿಡ್ರಿ ಅಕ್ಕಾರ, ನಾಳೆ ಊಟಕ್ಕ ಕುಂತಾಗ ಹುಕ್ಕು ಹಾರಿದ್ರ ನನ್ನ ಬೈಬ್ಯಾಡ್ರಿ" ಎಂದು ಹೇಳಿಬಿಡುತ್ತೇನೆ. ಕುದುರೆಗೆ ಹಾಗೆ ಹೇಳಲು ಬರುವುದಿಲ್ಲ. ಅದು ತಾನಾಗಿ ಉಸಿರು ಬಿಡುವವರೆಗೆ ಟೇಪು ಹಿಡಿದು ಕಾಯಬೇಕು.

ಕುದುರೆ ನನ್ನದಲ್ಲ, ಅಪ್ಪನದು. ಅಪ್ಪ ಮೊದಲು ಟಾಂಗಾ ಹೊಡೆಯುತ್ತಿದ್ದ. ಊರಿಗೆ ಆಟೋಗಳು ಬಂದು ಟಾಂಗಾ ಹತ್ತುವವರೇ ಇಲ್ಲದಂತಾದಾಗ ಗಾಡಿಯನ್ನು ಮಾರಿದ, ಕುದುರೆ ಸಾಕುವುದನ್ನು ಮಾತ್ರ ಬಿಡಲಿಲ್ಲ. ಈಗಿರುವುದು ಬಿಳಿಯ ಹೆಣ್ಣು ಕುದುರೆ. ಮದುವೆಯಲ್ಲಿ ವರನನ್ನು ಹೊತ್ತು ಮೆರವಣಿಗೆ ಹೋಗುವುದು ಅದರ ಕೆಲಸ. ಹಾನಗಲ್, ಶಿಗ್ಗಾಂವಿ, ಹಿರೇಕೆರೂರು, ಎಲ್ಲಿಂದ ಕರೆ ಬಂದರೂ ಅಪ್ಪ ಅದನ್ನು ಗೂಡ್ಸ್ ಗಾಡಿಗೆ ಹತ್ತಿಸಿ, ಡ್ರೈವರನ ಪಕ್ಕದ ಸೀಟು ಖಾಲಿ ಇದ್ದರೂ ತಾನು ಹಿಂದೆ ಅದರ ಜೊತೆಗೇ ನಿಂತು ಹೋಗುತ್ತಾನೆ. ಅವನದೊಂದು ಕಟ್ಟುನಿಟ್ಟು ಇದೆ. ಲಗಾಮು ಅವನ ಕೈ ಬಿಟ್ಟು ಇನ್ನೊಬ್ಬರ ಕೈಗೆ ಹೋಗಕೂಡದು. ವರನಿಗೂ ಕೊಡುವುದಿಲ್ಲ. ವರ ಮೇಲೆ ಕುಳಿತು ಕ್ಯಾಮೆರಾದ ಕಡೆ ನೋಡಿದರೆ ಸಾಕು, ಉಳಿದದ್ದನ್ನು ಅಪ್ಪ ನೋಡಿಕೊಳ್ಳುತ್ತಾನೆ. ಹೀಗಾಗಿ ಕುದುರೆಯೂ ಅಪ್ಪ ಪಕ್ಕದಲ್ಲಿ ಇಲ್ಲದಿದ್ದರೆ ಹೊಸ ಜಾಗದಲ್ಲಿ ಕಾಲೂರುವುದಿಲ್ಲ.

ಕುದುರೆ ಬೇಕೆಂದು ಮದುವೆ ಮನೆಯವರು ಬಂದರೆ ಅಪ್ಪ ಮೊದಲು ಕೇಳುವುದು ತಾರೀಖನ್ನಲ್ಲ.

"ವರ ಮೈಯಿಂದ ಹೆಂಗ ಅದಾರ್ರಿ?"

ಬಂದವರು ಹುಡುಗ ಬ್ಯಾಂಕಿನಲ್ಲಿದ್ದಾನೆ, ಒಬ್ಬನೇ ಮಗ, ತೋಟವೂ ಇದೆ ಎಂದು ಶುರು ಮಾಡುತ್ತಾರೆ.

"ಅದನ್ನ ಹೆಣ್ಣಿನವರು ಕೇಳತಾರ್ರಿ. ನನಗ ತೂಕ ಹೇಳ್ರಿ."

ಹೇಳಿದ ತೂಕವನ್ನೂ ಅಪ್ಪ ನಂಬುವುದಿಲ್ಲ. ಫೋಟೋ ಕೇಳುತ್ತಾನೆ. ಫೋಟೋ ನೋಡಿ, "ಇದು ಎಂಬತ್ತರ ಮ್ಯಾಲಿನ ಆಸಾಮಿ" ಎಂದು ಹೇಳಿದರೆ ಅದು ಹೆಚ್ಚುಕಡಿಮೆ ಸರಿಯೇ ಇರುತ್ತದೆ. ಚಿಕ್ಕೇರೂರಿನ ಕಡೆಯ ಒಬ್ಬ ಭರ್ಜರಿ ವರನಿಗೆ ಅಪ್ಪ ಮುಖದ ಮೇಲೇ, "ನೀವು ಕಾರಿನ್ಯಾಗ ಬರ್ರಿ ಸಾಹೇಬ್ರ, ಕುದುರಿ ನಿಮ್ಮ ಮುಂದ ಕುಣಕೋಂತ ಬರತೈತಿ" ಎಂದು ಹೇಳಿ ಹಾಗೇ ನಡೆಸಿದ್ದ. ನನ್ನ ಮದುವೆಗೆ ವರ ನೋಡುವಾಗಲೂ ಅಪ್ಪ ಇಷ್ಟು ಲಕ್ಷ್ಯಗೊಟ್ಟು ನೋಡಿದ್ದು ನನಗೆ ನೆನಪಿಲ್ಲ.

ಇಂಥ ಕಣ್ಣಿನ ಮನುಷ್ಯನಿಗೆ ಮನೆಯ ಕುದುರೆ ಸೊರಗಿದ್ದು ಕಾಣಲಿಲ್ಲ. ಮೊದಲು ಕಂಡದ್ದು ಅವ್ವನಿಗೆ. ಮಳೆಗಾಲ ಮುಗಿಯುವ ಹೊತ್ತಿಗೆ ಗೋದಲಿಯ ಕೆಳಗೆ ಅರ್ಧ ಅಗಿದ ಮೇವಿನ ಉಂಡೆಗಳು ಬೀಳತೊಡಗಿದವು. ಅವ್ವ ಕಸ ಗುಡಿಸುತ್ತ, "ಇದ್ಯಾಕ ಎಲಿ ಅಡಿಕಿ ಹಾಕ್ಕೊಂಡವರಂಗ ಉಗುಳಾಕತ್ತೈತಿ?" ಎಂದು ಗೊಣಗಿದಳು. ನಾನು ಕುದುರೆಯ ಬೆನ್ನಿಗೆ ಹೊದಿಸಿದ್ದ ಜೂಲಿನ ಬಟ್ಟೆ ತೆಗೆದು ಪಕ್ಕೆಯ ಮೇಲೆ ಅಂಗೈ ಇಟ್ಟೆ. ಎಲುಬುಗಳು ಒಂದೊಂದಾಗಿ ಕೈಗೆ ಹತ್ತಿದವು. ಅಪ್ಪ ಮಾತ್ರ, "ಏನೂ ಆಗಿಲ್ಲ, ಮಳಿಗಾಲದಾಗ ಹಂಗ ಆಕ್ಕಾವು" ಎಂದ. ಹಾಗೆ ಹೇಳುವಾಗ ಅವನು ನನ್ನ ಮುಖ ನೋಡಲಿಲ್ಲ.

ದನದ ದವಾಖಾನೆಯ ಡಾಕ್ಟರು ಒಬ್ಬ ಹೆಣ್ಣುಮಗಳು, ನಮ್ಮ ಕಡೆಯವರೇ. ಎಮ್ಮೆ ಆಕಳು ನೋಡಿ ನೋಡಿ ಬೇಸತ್ತಿದ್ದರೋ ಏನೋ, ಕುದುರೆ ಎಂದ ಕೂಡಲೇ ಗಾಡಿ ಹತ್ತಿ ಬಂದರು. ಬಾಯಿ ತೆರೆಸಿ ಬ್ಯಾಟರಿ ಬಿಟ್ಟು ನೋಡಿದರು. ದವಡೆ ಹಲ್ಲುಗಳ ಅಂಚು ಬೆಳೆದು ಕೂರಾಗಿ, ಅಗಿದಾಗಲೆಲ್ಲ ಕೆನ್ನೆಗೆ ಚುಚ್ಚುತ್ತಿತ್ತು. ನೋವಿಗೆ ಮೇವನ್ನು ಅಗಿಯಲಾರದೆ ಉಗುಳುತ್ತಿತ್ತು. ಅವರು ಅದಕ್ಕೆ ಮಂಪರು ಬರಿಸಿ ಅರದಿಂದ ಹಲ್ಲು ಉಜ್ಜಿ ಸಪಾಟು ಮಾಡಿದರು. ಕೈ ತೊಳೆದುಕೊಳ್ಳುತ್ತ, "ಇಷ್ಟ ಇಳಿಯೂ ಮಟ ಯಾಕ ಬಿಟ್ರಿ ಕಾಕಾ?" ಎಂದು ಅಪ್ಪನನ್ನು ಕೇಳಿದರು.

"ದಿನಾ ನೋಡತೇನ್ರಿ ಮೇಡಂ. ಗೊತ್ತ ಆಗಲಿಲ್ಲ."

"ದಿನಾ ನೋಡೋರಿಗೇ ಗೊತ್ತಾಗಂಗಿಲ್ಲ ಕಾಕಾ. ಸಾವಕಾಶ ಇಳೀತಿರತೈತಿ, ಕಣ್ಣಿಗೆ ರೂಢಿ ಆಗಿರತೈತಿ. ಹೊರಗಿನವರು ಬಂದ್ರ ಮೊದಲ ಅದನ್ನ ನೋಡತಾರ."

ಆಮೇಲೆ ಅವರು ನಿಷ್ಠುರದ ಮಾತು ಹೇಳಿದರು. ಕುದುರೆ ತನ್ನ ತೂಕದ ಐದನೇ ಒಂದು ಪಾಲಿಗಿಂತ ಹೆಚ್ಚು ಹೊರಬಾರದು, ಅದರಲ್ಲಿ ಜೀನು, ಜರಿ, ವರ ಎಲ್ಲವೂ ಬಂತು. ಇದಕ್ಕೆ ವಯಸ್ಸಾಗಿದೆ. ಮುನ್ನೂರ ಮೂವತ್ತು ಕಿಲೋ ತುಂಬುವವರೆಗೆ ಬೆನ್ನ ಮೇಲೆ ಯಾರೂ ಕೂಡುವಂತಿಲ್ಲ. ಮದುವೆಯ ಕಾಲ ಬರುವುದರೊಳಗೆ ತುಂಬಿದರೆ ತೆಳ್ಳನೆಯ ವರನಿಗೆ ಅಡ್ಡಿಯಿಲ್ಲ. ತುಂಬದಿದ್ದರೆ ಇನ್ನು ಕೆಲಸ ಬಿಡಿಸಿಬಿಡಬೇಕು.

ಅಪ್ಪನಿಗೆ ಇದಾದ ಮೇಲೆ ಇನ್ನೊಂದು ಕುದುರೆ ಸಾಕುವ ವಯಸ್ಸಿಲ್ಲ. ಇದೇ ಕೊನೆಯದು ಎನ್ನುವುದು ನಮಗೆಲ್ಲ ಗೊತ್ತಿತ್ತು, ಯಾರೂ ಬಾಯಿ ಬಿಟ್ಟು ಹೇಳುತ್ತಿರಲಿಲ್ಲ. ಮೆರವಣಿಗೆಯಲ್ಲಿ ಲಗಾಮು ಹಿಡಿದು ಪೇಟ ಸುತ್ತಿಕೊಂಡು ನಡೆಯುವಾಗ ಅಪ್ಪನ ಎದೆ ಅಗಲವಾಗುತ್ತದೆ. ಅದು ನಿಂತರೆ ಈ ಮನುಷ್ಯ ಬೆಳಿಗ್ಗೆ ಎದ್ದು ಏನು ಮಾಡುತ್ತಾನೆ ಎಂಬುದೇ ನನ್ನ ಚಿಂತೆಯಾಗಿತ್ತು.

ಕುದುರೆಯನ್ನು ವಾರವಾರ ತೂಗುವುದು ಹೇಗೆ? ಮೇಡಂ ಅದಕ್ಕೂ ದಾರಿ ಹೇಳಿದರು. ಮುಂಗಾಲ ಹಿಂದೆ, ಎದೆಯ ಸುತ್ತಳತೆ ಸೆಂಟಿಮೀಟರಿನಲ್ಲಿ ತೆಗೆಯಬೇಕು. ಭುಜದ ತುದಿಯಿಂದ ಕುಂಡೆಯ ತುದಿಯವರೆಗೆ ಉದ್ದ ತೆಗೆಯಬೇಕು. ಸುತ್ತಳತೆಯನ್ನು ಅದರಿಂದಲೇ ಒಮ್ಮೆ ಗುಣಿಸಿ, ಉದ್ದದಿಂದ ಇನ್ನೊಮ್ಮೆ ಗುಣಿಸಿ, ಹನ್ನೊಂದು ಸಾವಿರದ ಎಂಟುನೂರ ಎಂಬತ್ತರಿಂದ ಭಾಗಿಸಿದರೆ ಹತ್ತಿರ ಹತ್ತಿರ ಕಿಲೋ ಲೆಕ್ಕ ಸಿಗುತ್ತದೆ. ನನ್ನ ಕೊರಳಲ್ಲಿ ಜೋತು ಬಿದ್ದಿದ್ದ ಟೇಪನ್ನು ನೋಡಿ, "ನಿಮಗ ಇದನ್ನ ಕಲಿಸೂದೇನೈತ್ರಿ ಅಕ್ಕಾ" ಎಂದು ನಕ್ಕರು.

ಕಲಿಯುವುದಿತ್ತು. ನಮ್ಮ ಟೇಪು ನೂರೈವತ್ತು ಸೆಂಟಿಮೀಟರಿಗೆ ಮುಗಿಯುತ್ತದೆ. ಸವಣೂರಿನಲ್ಲಿ ಎಂಥೆಂಥ ಗಟ್ಟಿ ಮೈಯವರಿಗೂ ಸಾಕಾದ ಟೇಪು ಕುದುರೆಯ ಎದೆ ಸುತ್ತಿ ಬರುವುದರೊಳಗೆ ತೀರಿಹೋಯಿತು. ಎರಡು ಟೇಪುಗಳ ತಗಡಿನ ತುದಿ ಕತ್ತರಿಸಿ, ಒಂದರ ಮೇಲೊಂದು ಕೂಡಿಸಿ ಮಷೀನಿನಲ್ಲಿ ಹೊಲಿದೆ. ಹೊಲಿಗೆಯಲ್ಲಿ ಮುಚ್ಚಿಹೋದದ್ದನ್ನು ಕಳೆಯಲು ಮರೆಯಲಿಲ್ಲ, ಅಷ್ಟು ನನಗೆ ಬರುತ್ತದೆ.

ತಕರಾರು ಬಂದದ್ದು ಅಪ್ಪನಿಂದ. ನಮ್ಮ ಮನೆಯಲ್ಲಿ ಜೀವವಿರುವುದನ್ನು ತೂಗುವ ಪದ್ಧತಿಯಿಲ್ಲ. ತೂಗುವುದು ಮಾರುವ ವಸ್ತುವನ್ನು. ತೂಗಿ ಇಷ್ಟಾಯಿತು ಎಂದು ಬಾಯಲ್ಲಿ ಆಡಿದರೆ ದೃಷ್ಟಿಯಾಗಿ ಅಷ್ಟರಿಂದ ಇಳಿಯಲು ಶುರುವಾಗುತ್ತದೆ ಎಂಬ ನಂಬಿಕೆ. ನಾವು ಸಣ್ಣವರಿದ್ದಾಗ ಸಂತೆಯಲ್ಲಿ ತೂಕದ ಮಷೀನು ಹತ್ತಿದರೆ ಅಪ್ಪ ಕಿವಿ ಹಿಂಡುತ್ತಿದ್ದ. ಅವನೂ ಎಂದೂ ಹತ್ತಿದವನಲ್ಲ.

"ಇದು ತೂಗೂದಲ್ಲಪಾ, ಅಳಿಯೂದು. ಆಕಿಗೊಂದು ಜಂಪರ್ ಹೊಲೀತೇನಿ ಅಂತ ತಿಳಕೋ" ಎಂದೆ.

"ಲೆಕ್ಕ ಗಟ್ಟಿಯಾಗಿ ಹೇಳಬ್ಯಾಡ ಮತ್ತ."

"ಹೇಳಂಗಿಲ್ಲ. ಕಿವ್ಯಾಗ ಹೇಳತೇನಿ."

ಅವ್ವ ಇಬ್ಬರ ನಡುವೆ ರಾಜಿ ಮಾಡಿಸಿದಳು. ಪ್ರತಿ ಸಲ ಅಳತೆಯಾದ ಮೇಲೆ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕುತ್ತೇನೆ ಎಂದಳು. ಮೆಣಸಿನಕಾಯಿಯ ಘಾಟಿಗೆ ಮೊದಲು ನಾನು ಸೀನುತ್ತಿದ್ದೆ, ಆಮೇಲೆ ಅಪ್ಪ, ಕೊನೆಗೆ ಕುದುರೆ. ಕುದುರೆ ಸೀನಿದರೆ ಎದುರಿಗಿದ್ದವರು ಇನ್ನೊಮ್ಮೆ ಜಳಕ ಮಾಡಬೇಕಾಗುತ್ತದೆ. ಅವ್ವ ಮಾತ್ರ, ಅಷ್ಟು ದೃಷ್ಟಿಯಾಗಿತ್ತು ನೋಡಿರಿ ಎಂದು ಸಮಾಧಾನಪಡುತ್ತಿದ್ದಳು.

ವಾರಕ್ಕೊಮ್ಮೆ ಅಂಗಡಿ ತೆರೆಯುವ ಮುಂಚೆ ಅಪ್ಪನ ಮನೆಗೆ ಹೋಗುವುದು ರೂಢಿಯಾಯಿತು. ನನ್ನ ಮನೆ ಅದೇ ಓಣಿಯ ಕೊನೆಯಲ್ಲಿದೆ. ಮೇವು ಹಾಕುವ ಮೊದಲೇ, ಒಂದೇ ಜಾಗದಲ್ಲಿ, ಸಮ ನೆಲದ ಮೇಲೆ ನಿಲ್ಲಿಸಿ ಅಳೆಯಬೇಕು. ಅಪ್ಪ ಲಗಾಮು ಹಿಡಿದು ನಿಲ್ಲುತ್ತಿದ್ದ. ನಾನು ಟೇಪು ಸುತ್ತಿ, ಅದು ಉಬ್ಬಿಸಿದ ಹೊಟ್ಟೆಯನ್ನು ಬಿಡುವುದನ್ನೇ ಕಾದು ಲೆಕ್ಕ ಓದುತ್ತಿದ್ದೆ. ಮೊದಲ ಲೆಕ್ಕ ಮುನ್ನೂರ ಹತ್ತೊಂಬತ್ತು ಬಂತು. ಅಪ್ಪನ ಕಿವಿಯಲ್ಲಿ ಹೇಳಿದೆ. ಅವನು ಏನೂ ಕೇಳದವನಂತೆ ಗೋಡೆಯ ಕಡೆ ತಿರುಗಿ ಬೆರಳು ಮಡಚಿದ.

ಉಪಚಾರವೂ ಜೋರಾಗಿ ನಡೆಯಿತು. ಜೋಳದ ಗಟ್ಟಿ ಕಣಕಿಯ ಬದಲು ಎಳೆ ಕರಕಿ ಹುಲ್ಲು. ಹುರುಳಿಯನ್ನು ನೆನೆಸಿ, ಕುದಿಸಿ, ಮೆತ್ತಗೆ ಮಾಡಿ ಬೂಸಾದಲ್ಲಿ ಕಲಸಿದ್ದು. ಒಮ್ಮೆಲೇ ಹೆಚ್ಚಿಸಿದರೆ ಹೊಟ್ಟೆ ಕೆಡುತ್ತದೆಂದು ಮೇಡಂ ಹೇಳಿದ್ದರಿಂದ ಸ್ವಲ್ಪ ಸ್ವಲ್ಪವೇ ಹೆಚ್ಚಿಸಿದೆವು. ಕಲಸುವುದು ಅಪ್ಪನೇ. ಒಂದು ದಿನ ನನ್ನಿಂದ ದಾರ ಕೇಳಿ ಇಸಿದುಕೊಂಡು ಬೆರಳಿನ ಉಂಗುರಕ್ಕೆ ಸುತ್ತಿಕೊಂಡ. ಬೂಸಾದಲ್ಲಿ ಜಾರಿ ಬಿದ್ದೀತೆಂದು ಹುಷಾರು ಮಾಡುತ್ತಿದ್ದಾನೆ ಎಂದುಕೊಂಡೆ. ಕುದುರೆಗೆ ನೀರಿಟ್ಟು ಬಂದು ತಾನೂ ತಂಬಿಗೆಗಟ್ಟಲೆ ನೀರು ಕುಡಿಯುತ್ತಿದ್ದ. "ಇಬ್ಬರಿಗೂ ನಾ ಬಾವಿ ತೋಡಿಸ್ಬೇಕಾಗೇತಿ" ಎಂದು ಅವ್ವ ಚೇಷ್ಟೆ ಮಾಡುತ್ತಿದ್ದಳು. ನಾವು ನಗುತ್ತಿದ್ದೆವು.

ತೂಕ ಮೆಲ್ಲಗೆ ಏರುತ್ತಿತ್ತು. ಮುನ್ನೂರ ಇಪ್ಪತ್ತೊಂದು, ಇಪ್ಪತ್ತಮೂರು. ಅಪ್ಪ ಹುರುಪಿನಲ್ಲಿ ಹಳೆಯ ಜರಿ ಜೂಲನ್ನು ರಿಪೇರಿಗೆಂದು ನನ್ನ ಅಂಗಡಿಗೆ ತಂದು ಹಾಕಿದ. ಅದರ ಮರುವಾರ ಅಳತೆ ತೆಗೆದೆ, ಲೆಕ್ಕ ಹಾಕಿದೆ, ನಂಬಿಕೆ ಬರದೆ ಮೊಬೈಲಿನಲ್ಲಿ ಮತ್ತೆ ಹಾಕಿದೆ. ಮುನ್ನೂರ ಹನ್ನೆರಡು. ಒಂದೇ ವಾರದಲ್ಲಿ ಹನ್ನೊಂದು ಕಿಲೋ ಮಾಯ.

ಅಪ್ಪನ ಕಿವಿಯಲ್ಲಿ ಹೇಳಬೇಕಾಗಲಿಲ್ಲ. ನನ್ನ ಮುಖವೇ ಹೇಳಿತು. ಮನೆಯಲ್ಲಿ ಸಾವಾದ ಹಾಗಾಯಿತು. ಅವ್ವ ಓಣಿಯಲ್ಲಿ ಯಾರ್ಯಾರು ಕುದುರೆಯನ್ನು ನೋಡಿ ಚಂದಾಗಿದೆ ಎಂದಿದ್ದರೋ ಅವರನ್ನೆಲ್ಲ ಹೆಸರು ಹಿಡಿದು ಬೈದಳು. ಮೆಣಸಿನಕಾಯಿ ಮುಷ್ಟಿಗಟ್ಟಲೆ ಒಲೆಗೆ ಬಿತ್ತು, ಪಕ್ಕದ ಮನೆಯವರು ಕೆಮ್ಮುತ್ತ ಹೊರಗೆ ಬಂದರು. ಅಪ್ಪ ಗೋದಲಿಯ ಕಟ್ಟೆಯ ಮೇಲೆ ಕುಳಿತವನು ಊಟಕ್ಕೆ ಏಳಲಿಲ್ಲ. "ನಾ ಮೊದಲ ಹೇಳಿದ್ದೆ, ಅಳೀಬ್ಯಾಡ್ರಿ ಅಂತ" ಎಂದಷ್ಟೇ ಹೇಳಿದ.

ಮೇಡಂ ಬಂದರು. ಬಾಯಿ ನೋಡಿದರು, ಕಣ್ಣಿನ ಕೆಳಗೆ ನೋಡಿದರು, ಲದ್ದಿ ನೋಡಿದರು. ಎಲ್ಲ ಸರಿಯಾಗಿದೆ, ಪಕ್ಕೆಯಲ್ಲಿ ಮಾಂಸವೂ ಹತ್ತುತ್ತಿದೆ ಎಂದರು. ನನಗೆ, "ನೀವು ಹೆಂಗ ಅಳೀತೀರಿ, ಒಂದ ಸಲ ತೋರಸ್ರಿ" ಎಂದರು. ನಾನು ಟೇಪು ಸುತ್ತಿದೆ. ಅವರು ನನ್ನ ಎಡಗೈಯನ್ನು ನೋಡಿದರು. ತೋರುಬೆರಳಿಗೆ ದಪ್ಪನೆಯ ಬ್ಯಾಂಡೇಜು ಇತ್ತು. ಹಿಂದಿನ ವಾರ ಯಾರದೋ ಅವಸರದ ಜಂಪರು ಹೊಲಿಯುವಾಗ ಮಷೀನಿನ ಸೂಜಿ ಚುಚ್ಚಿತ್ತು.

"ಬ್ಯಾಂಡೇಜ್ ಇರಲಾರದಾಗ ಹೆಂಗ ಹಿಡೀತಿದ್ರಿ?"

ಹೇಗೆ ಹಿಡಿಯುತ್ತಿದ್ದೆ? ಎಲ್ಲರಿಗೂ ಹಿಡಿಯುವಂತೆ. ಟೇಪಿನ ಕೆಳಗೆ ಎರಡು ಬೆರಳು ತೂರಿಸಿ. ದರ್ಜಿಗಳ ಕೈಗೆ ಅದು ಉಸಿರಾಟದಷ್ಟೇ ಸಹಜ. ಮೈಗೆ ಅಂಟಿಸಿ ಅಳೆದರೆ ಬಟ್ಟೆ ಹಾಕಿಕೊಂಡವರು ಕೈ ಎತ್ತಲಾರರು, ಅದಕ್ಕೆ ಎರಡು ಬೆರಳಿನ ಸಡಿಲು ಬಿಡುತ್ತೇವೆ. ಕುದುರೆಗೂ ಬಿಟ್ಟಿದ್ದೆ, ನನಗೇ ಗೊತ್ತಿಲ್ಲದಂತೆ. ಬೆರಳು ನೋಯುತ್ತಿದ್ದರಿಂದ ಆ ವಾರ ತೂರಿಸಿರಲಿಲ್ಲ. ಕುದುರೆ ಹನ್ನೊಂದು ಕಿಲೋ ಇಳಿದಿರಲಿಲ್ಲ, ನನ್ನ ಬೆರಳುಗಳು ಹೊರಗೆ ಬಂದಿದ್ದವು.

ಮೇಡಂ ಗೋಡೆಗೆ ಒರಗಿ ನಕ್ಕರು. ಕುದುರೆಗೆ ನಾವೇನೂ ಜಂಪರು ಹೊಲಿಸುತ್ತಿಲ್ಲವಲ್ಲ ಎಂದರು. ಸಡಿಲಿಲ್ಲದ ಲೆಕ್ಕವೇ ನಿಜವಾದದ್ದು, ಇನ್ನು ಮೇಲೆ ಹಾಗೇ ಅಳೆಯಿರಿ ಎಂದೂ ಹೇಳಿದರು. ಅಪ್ಪ ಕಟ್ಟೆಯಿಂದ ಎದ್ದು ಅವ್ವನಿಗೆ ರೊಟ್ಟಿ ಬಡಿಯಲು ಹೇಳಿದ. ಉಣ್ಣುತ್ತ, "ನಿನ್ನ ಅಂಗಡಿಗೆ ಬರೂ ಹೆಣಮಕ್ಕಳು ಪಾಪ, ತಾವು ದಪ್ಪ ಅದೇವಿ ಅಂತ ತಿಳಕೊಂಡು ಊಟಾ ಬಿಟ್ಟಿರಬೇಕು. ಎಲ್ಲಾ ನಿನ್ನ ಬೆರಳಿನ ಕರಾಮತ್ತು" ಎಂದ. ಆ ಮೇಲೆ ಎಷ್ಟೋ ದಿನ ನನ್ನನ್ನು ಕಂಡಾಗಲೆಲ್ಲ ಎರಡು ಬೆರಳು ಎತ್ತಿ ತೋರಿಸುತ್ತಿದ್ದ. ಸಿಟ್ಟು ಬರುತ್ತಿತ್ತು, ಆದರೆ ತಪ್ಪು ನನ್ನದಾಗಿದ್ದರಿಂದ ಬಾಯಿ ಮುಚ್ಚಿಕೊಂಡಿದ್ದೆ.

ಬೆರಳಿಲ್ಲದ ಲೆಕ್ಕದಲ್ಲಿ ಕುದುರೆ ಮುನ್ನೂರ ಹನ್ನೆರಡರಿಂದ ಮತ್ತೆ ಏರುತ್ತ ಬಂತು. ಚಳಿಗಾಲ ಕಳೆಯಿತು. ಕೂದಲು ಉದುರಿ ಮೈ ಹೊಳೆಯತೊಡಗಿತು. ಪಕ್ಕೆಯ ಮೇಲೆ ಕೈ ಇಟ್ಟು ಒತ್ತಿದರೆ ಮಾತ್ರ ಎಲುಬು ಸಿಗುತ್ತಿತ್ತು. ಮದುವೆಯ ಕಾಲ ಹತ್ತಿರವಾದಾಗ ನನ್ನ ಟೇಪು ಮುನ್ನೂರ ಮೂವತ್ತೈದು ಹೇಳಿತು.

ಅಷ್ಟರಲ್ಲಿ ಹಾನಗಲ್ಲಿನ ಒಂದು ಮದುವೆ ಕುದುರಿತ್ತು. ವರ ತಿಳವಳ್ಳಿಯವನು. ಅಪ್ಪ ಫೋಟೋ ನಂಬದೆ ಬಸ್ಸು ಹತ್ತಿ ತಿಳವಳ್ಳಿಗೇ ಹೋಗಿ ವರನನ್ನು ನಿಲ್ಲಿಸಿ, ಕೂಡಿಸಿ ನೋಡಿಬಂದ. "ಕಡ್ಡಿ ಹುಡುಗ. ಐವತ್ತರ ಆಜೂಬಾಜೂ. ಮುತ್ತಿನಂಥ ವರ" ಎಂದು ಅವ್ವನ ಮುಂದೆ ಹೊಗಳಿದ. ಮೇಡಂ ಫೋನಿನಲ್ಲಿ, ಟೇಪಿನ ಲೆಕ್ಕ ಏರಿಳಿತ ನೋಡಲು ಒಳ್ಳೆಯದು, ಆದರೆ ಬೆನ್ನ ಮೇಲೆ ಕೂಡಿಸುವ ಮುಂಚೆ ಒಮ್ಮೆ ಲಾರಿ ತೂಗುವ ವೇಬ್ರಿಜ್ ಮೇಲೆ ನಿಲ್ಲಿಸಿ ನಿಜವಾದ ತೂಕ ತೆಗೆಯಿರಿ ಎಂದರು. ಈ ಸಲ ಅಪ್ಪ ದೃಷ್ಟಿಯ ಮಾತೆತ್ತಲಿಲ್ಲ. ಮೆರವಣಿಗೆಯ ಆಸೆ ದೃಷ್ಟಿಯ ಭಯವನ್ನು ಹಿಂದೆ ತಳ್ಳಿತ್ತು.

ಊರ ಹೊರಗೆ ಗೋವಿನಜೋಳ ಖರೀದಿ ಮಾಡುವವರದೊಂದು ವೇಬ್ರಿಜ್ ಇದೆ. ಲಾರಿ, ಟ್ರ್ಯಾಕ್ಟರುಗಳನ್ನು ತೂಗಿ ತೂಗಿ ಬೇಸರವಾಗಿದ್ದ ಅಲ್ಲಿನವನು ಕುದುರೆ ಬಂದದ್ದಕ್ಕೆ ಖುಷಿಯಿಂದ ಖುರ್ಚಿ ಬಿಟ್ಟು ಎದ್ದು ಬಂದ. ಕಬ್ಬಿಣದ ಹಲಗೆಯ ಮೇಲೆ ಕಾಲಿಟ್ಟಾಗ ಢಣ್ ಎಂದದ್ದಕ್ಕೆ ಕುದುರೆ ಬೆದರಿ ಹಿಂದೆ ಸರಿಯಿತು. ಅಪ್ಪ ತಾನು ಮೊದಲು ಹತ್ತಿ, ನಾಲಿಗೆಯಿಂದ ಲೊಚಗುಟ್ಟಿ ಕರೆದ. ಆಗ ಮೆಲ್ಲಗೆ ಹತ್ತಿ ಅವನ ಭುಜಕ್ಕೆ ಮೂಗು ತಾಗಿಸಿ ನಿಂತಿತು. ಅಪ್ಪ ಕೆಳಗಿಳಿದರೆ ಅದೂ ಇಳಿಯುತ್ತಿತ್ತು. ಎರಡು ಮೂರು ಸಲ ಹೀಗೇ ಆಯಿತು.

"ಇಬ್ಬರನ್ನೂ ಕೂಡಿ ತೂಗತೇನ್ರಿ. ಆಮ್ಯಾಲ ನಿಮ್ಮಪ್ಪಾರ ತೂಕ ಕಳೀರಿ" ಎಂದ ವೇಬ್ರಿಜ್‌ನವನು. "ಇದರಾಗ ಐದೈದು ಕಿಲೋ ಲೆಕ್ಕ ಐತ್ರಿ, ಸ್ವಲ್ಪ ಆಚಿಗೀಚಿ ಆಕ್ಕೈತಿ."

ಪರದೆಯ ಮೇಲೆ ಮುನ್ನೂರ ತೊಂಬತ್ತು ಬಂತು.

"ನೀ ಎಷ್ಟ ಇದ್ದೀಪಾ?" ಎಂದು ಕೇಳಿದೆ.

"ಎಪ್ಪತ್ತು" ಎಂದ ಅಪ್ಪ. ಊರಿನ ವರರನ್ನೆಲ್ಲ ತೂಗುವ ಅಪ್ಪನ ಕಣ್ಣು ತನ್ನನ್ನೂ ಎಂದೋ ಒಮ್ಮೆ ತೂಗಿ ಎಪ್ಪತ್ತು ಎಂದು ಇಟ್ಟುಕೊಂಡಿತ್ತು. ಅದು ನಮ್ಮ ಮನೆಯಲ್ಲಿ ಎಲ್ಲರಿಗೂ ಬಾಯಿಪಾಠ.

ಎಪ್ಪತ್ತು ಕಳೆದರೆ ಮುನ್ನೂರ ಇಪ್ಪತ್ತು. ಬೇಕಾದದ್ದಕ್ಕೆ ಹತ್ತು ಕಿಲೋ ಕಡಿಮೆ. ಅಪ್ಪ ಹಲಗೆಯ ಮೇಲೇ ನಿಂತು ನನ್ನ ಬೆರಳುಗಳ ಕಡೆ ನೋಡಿದ. ನಾನು ಎರಡೂ ಕೈ ಎತ್ತಿ ತೋರಿಸಿದೆ, ಬೆರಳು ಹಾಕಿಲ್ಲ ಎಂದು ಆಣೆ ಮಾಡಿದೆ. ಅವನು ಕುದುರೆಯ ಕುತ್ತಿಗೆ ಸವರಿದ. "ತಿಳವಳ್ಳಿಯವರಿಗೆ ಫೋನ್ ಹಚ್ಚು. ಬ್ಯಾರೆ ಕುದುರಿ ನೋಡಕೊಳ್ರಿ ಅಂತ ಹೇಳು" ಎಂದ. ಅವನ ದನಿ ಸಣ್ಣದಾಗಿತ್ತು. ನನಗೆ ಅಳು ಬಂತು. ಫೋನು ತೆಗೆದೆ, ನಂಬರು ಮಾತ್ರ ಒತ್ತಲಿಲ್ಲ.

ವೇಬ್ರಿಜ್‌ನವನು ತಲೆ ಕೆರೆದುಕೊಂಡ. "ಅಕ್ಕಾರ, ನಾವು ಲಾರಿನ್ನೂ ತುಂಬಿದ್ದು ಒಮ್ಮೆ, ಖಾಲಿದ್ದು ಒಮ್ಮೆ ತೂಗತೇವ್ರಿ. ಡ್ರೈವರ್ ಹೇಳಿದ ಲೆಕ್ಕ ಹಿಡಿಯಂಗಿಲ್ಲ. ನಿಮ್ಮಪ್ಪಾರನ್ನೂ ಒಮ್ಮೆ ಖಾಲಿ ತೂಗೂಣ ಬರ್ರಿ" ಎಂದು ಪಕ್ಕದ ಚೀಲ ತೂಗುವ ಕಾಟಾ ತೋರಿಸಿದ. ಅಪ್ಪ ಬೇಡವೆಂದ. ನಾನು ರಟ್ಟೆ ಹಿಡಿದು ಕರೆದುಕೊಂಡು ಹೋದೆ. ಅವನು ಲಗಾಮು ಬಿಡದೆಯೇ ಕಾಟಾದ ಮೇಲೆ ನಿಂತ, ಕುದುರೆ ಪಕ್ಕದಲ್ಲಿ ನೆಲದ ಮೇಲೆ ನಿಂತಿತು.

ಐವತ್ತನಾಲ್ಕು.

ವೇಬ್ರಿಜ್‌ನವನು ಕಾಟಾ ಕೆಟ್ಟಿರಬೇಕೆಂದು ಒಂದು ಚೀಲ ಎತ್ತಿಟ್ಟು ನೋಡಿದ. ಕಾಟಾ ಸರಿಯಾಗಿಯೇ ಇತ್ತು. ಅಪ್ಪನನ್ನು ಮತ್ತೆ ನಿಲ್ಲಿಸಿದ. ಐವತ್ತನಾಲ್ಕೇ.

ನಾನು ಇನ್ನೂ ಆ ಅಂಕಿಯನ್ನೇ ನೋಡುತ್ತಿದ್ದೆ. ಅಪ್ಪ ಆಗಲೇ ಬೆರಳು ಮಡಚಿ ಲೆಕ್ಕ ಹಾಕಿದ್ದ. ಮುನ್ನೂರ ತೊಂಬತ್ತರಲ್ಲಿ ಐವತ್ತನಾಲ್ಕು ಹೋದರೆ ಮುನ್ನೂರ ಮೂವತ್ತಾರು. ಟೇಪು ಹೇಳಿದ್ದಕ್ಕಿಂತ ಒಂದು ಕಿಲೋ ಹೆಚ್ಚೇ. ಅವನ ಮುಖ ಅರಳಿತು. ಕಾಟಾದಿಂದ ಧುಮುಕಿ ಕುದುರೆಯ ಹಣೆಗೆ ಹಣೆ ಹಚ್ಚಿದ.

"ಆಕಿದು ಬರೋಬರಿ ಐತೆವ್ವಾ. ಕಡಿಮಿ ಆಗಿದ್ದು ನಂದು. ಆಕಿದಲ್ಲ."

ಅಷ್ಟು ಸಂತೋಷ ನಾನು ಅವನ ಮುಖದಲ್ಲಿ ಎಷ್ಟೋ ದಿನಗಳಿಂದ ನೋಡಿರಲಿಲ್ಲ. ನನಗೆ ಕೆಂಡದಂಥ ಸಿಟ್ಟು ಬಂತು. ಹದಿನಾರು ಕಿಲೋ ಎಲ್ಲಿ ಹೋಯಿತು? ಧೋತರ ಉಡುವವನ ಸೊರಗುವಿಕೆ ಯಾರಿಗೂ ತಿಳಿಯುವುದಿಲ್ಲ, ಗಂಟು ಇನ್ನಷ್ಟು ಬಿಗಿದರೆ ಮುಗಿಯಿತು. ಅವನ ಅಂಗಿಗಳನ್ನು ಹೊಲಿಯುವವಳು ನಾನೇ. ಅಳತೆಗೆ ನಿಲ್ಲು ಎಂದರೆ, ನನಗೇನು ಅಳತೆ ಎಂದು ಪ್ರತಿ ಸಲ ಹಳೆಯ ಅಂಗಿಯನ್ನೇ ಕೊಡುತ್ತಿದ್ದ. ಹತ್ತು ವರ್ಷದ ಹಿಂದಿನ ಅಪ್ಪನಿಗೆ ನಾನು ಇವತ್ತಿಗೂ ಅಂಗಿ ಹೊಲಿಯುತ್ತಿದ್ದೆ. ಉಂಗುರದ ದಾರ ನೆನಪಾಯಿತು. ತಂಬಿಗೆಗಟ್ಟಲೆ ನೀರು ನೆನಪಾಯಿತು. ದಿನಾ ನೋಡುವವರಿಗೇ ಗೊತ್ತಾಗುವುದಿಲ್ಲ ಎಂದು ಮೇಡಂ ಗೋದಲಿಯ ಹತ್ತಿರ ಹೇಳಿದ ಮಾತೂ ನೆನಪಾಯಿತು.

ಚೀಲದಿಂದ ಜೋಡಿಸಿದ ಟೇಪನ್ನು ತೆಗೆದು, ವೇಬ್ರಿಜ್‌ನವನು ನೋಡುತ್ತಿದ್ದಂತೆಯೇ ಅಪ್ಪನ ಎದೆಗೆ ಸುತ್ತಿದೆ. ಅಂಗಿಯ ಬಟ್ಟೆ ಮುದುರಿ ಮುದುರಿ ಕೈಗೆ ಬಂತು.

"ಏನ ಮಾಡಾಕತ್ತಿ? ಮಂದಿ ನೋಡಾಕತ್ತಾರ."

"ಕೈ ಮ್ಯಾಲ ಎತ್ತು. ಸುಮ್ನ ನಿಂದ್ರು" ಎಂದೆ. ಅಷ್ಟು ಜೋರಾಗಿ ನಾನು ಅಪ್ಪನಿಗೆ ಮಾತಾಡಿದ್ದು ಅದೇ ಮೊದಲು. ಅವನು ಕೈ ಎತ್ತಿ ಸುಮ್ಮನೆ ನಿಂತ.

ಮರುದಿನವೇ ಶಿಗ್ಗಾಂವಿಯ ಡಾಕ್ಟರ ಹತ್ತಿರ ಕರೆದೊಯ್ದೆ. ರಕ್ತ ನೋಡಿದರು. ಸಕ್ಕರೆ ಕಾಯಿಲೆ, ಯಾವಾಗಲೋ ಶುರುವಾಗಿ ಒಳಗೊಳಗೇ ತಿನ್ನುತ್ತಿತ್ತು. ಸರಿಯಾದ ಹೊತ್ತಿಗೆ ಬಂದಿರಿ, ಗುಳಿಗೆ ತೆಗೆದುಕೊಂಡು ಊಟ ನೋಡಿಕೊಂಡರೆ ಹತೋಟಿಗೆ ಬರುತ್ತದೆ ಎಂದರು. ಕುದುರೆ ನೋಡಲು ಹೋಗಿ ಇವರು ಸಿಕ್ಕಿಬಿದ್ದರು ಎಂದು ಅವ್ವ ಅಳುತ್ತಲೇ ನಕ್ಕಳು. ಅಂದಿನಿಂದ ಅಪ್ಪನ ಚಹಾಕ್ಕೆ ಸಕ್ಕರೆ ಬಂದ್. ತನ್ನ ಪಾಲಿನ ಬೆಲ್ಲವನ್ನು ಅವನು ಕುದುರೆಗೆ ತಿನ್ನಿಸುತ್ತಾನೆ, ಅದು ತಿನ್ನುವುದನ್ನು ನೋಡುತ್ತ ತಾನೂ ಬಾಯಿ ಆಡಿಸುತ್ತಾನೆ.

ಹಾನಗಲ್ಲಿನ ಮದುವೆಗೆ ಕುದುರೆ ಹೋಯಿತು. ಮೇಡಂ ಒಪ್ಪಿದ್ದರು. ಜರಿ ಜೂಲಿನ ಅರ್ಧ ಭಾರವನ್ನು ನಾನು ಬಿಚ್ಚಿ ತೆಗೆದಿದ್ದೆ. ಕಡ್ಡಿ ವರ ಮೇಲೆ ಕುಳಿತ, ಬ್ಯಾಂಡು ಬಾರಿಸಿತು, ಕುದುರೆ ಕಿವಿ ನೆಟ್ಟಗೆ ಮಾಡಿ ಹೆಜ್ಜೆ ಹಾಕಿತು. ಅಪ್ಪ ಪೇಟ ಸುತ್ತಿಕೊಂಡು ಲಗಾಮು ಹಿಡಿದು ಮುಂದೆ ನಡೆದ. ಹೊಸ ಅಳತೆಯಲ್ಲಿ ಹೊಲಿದ ಅಂಗಿ ಅವನ ಮೈಮೇಲೆ ಕೂತಿತ್ತು. ಎಲ್ಲರೂ ವರನನ್ನು ನೋಡುತ್ತಿದ್ದರು, ನಾನು ದಾರಿಯುದ್ದಕ್ಕೂ ಪಕ್ಕದಲ್ಲಿ ನಡೆಯುತ್ತ ಅಪ್ಪನನ್ನೇ ನೋಡಿದೆ.

ಈಗ ವಾರಕ್ಕೊಮ್ಮೆ ಇಬ್ಬರ ಅಳತೆ. ಮೊದಲು ಕುದುರೆ, ಅದಾದ ಮೇಲೆ ಅಪ್ಪ. ಕಾಟಾ ಹತ್ತಲು ಅವನಿಗೆ ಇನ್ನೂ ಮನಸ್ಸಿಲ್ಲ, ಟೇಪಿಗೆ ಮಾತ್ರ ಒಪ್ಪಿದ್ದಾನೆ. ಗೋದಲಿಯ ಹತ್ತಿರ ಕೈ ಎತ್ತಿ ನಿಲ್ಲುತ್ತಾನೆ, ಕುದುರೆಯಂತೆಯೇ ಉಸಿರು ತುಂಬಿಕೊಂಡು ಎದೆ ಉಬ್ಬಿಸುತ್ತಾನೆ. ನಾನು ಕಾಯುತ್ತೇನೆ. ಮೊನ್ನೆಯೂ ಹಾಗೇ ನಿಂತಿದ್ದ.

"ಎರಡ ಬೆರಳ ಸಡಿಲು ಬಿಡವ್ವಾ. ನಿಮ್ಮವ್ವಗ ಸಮಾಧಾನ ಆಗತೈತಿ."

"ಬಿಡಂಗಿಲ್ಲ" ಎಂದೆ.

ಅವನು ಉಸಿರು ಬಿಟ್ಟ. ಬೆರಳು ಹಾಕದೆಯೇ ಟೇಪು ಹೋದ ಸಲಕ್ಕಿಂತ ಅರ್ಧ ಇಂಚು ಮುಂದೆ ಬಂದಿತ್ತು. ಮತ್ತೊಮ್ಮೆ ನೋಡಿದೆ, ಹೌದು, ಅರ್ಧ ಇಂಚು.

"ಎಷ್ಟಾತ?" ಎಂದ.

ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. ಇಷ್ಟು ವರ್ಷ ಇವರ ದೃಷ್ಟಿಯ ಮಾತಿಗೆ ನಗುತ್ತ ಬಂದವಳು ನಾನು.

"ಸುಮ್ನಿರಪಾ" ಎಂದೆ. "ಮೊದಲ ಅವ್ವ ಮೆಣಸಿನಕಾಯಿ ತರಲಿ."